ಗ್ರಾಫೀನ್ ಟ್ರಾನ್ಸಿಸ್ಟರ್ ಜೈವಿಕ ಸಂವೇದಕಗಳು: ಪ್ರಯೋಗಾಲಯದಿಂದ ಮಾರುಕಟ್ಟೆಗೆ ಇನ್ನೆಷ್ಟು ದೂರ?

ಮಧುಮೇಹವುಳ್ಳವರ ಮನೆಗಳಲ್ಲಿ ಇಂದು ಗ್ಲೂಕೋಮೀಟರ್ ಅತಿ ಸಾಮಾನ್ಯವಾದ ಸಾಧನ. ಬೆರಳ ತುದಿಯ ಒಂದು ಹನಿ ರಕ್ತವನ್ನು ಪುಟ್ಟ ಪಟ್ಟಿಯೊಂದಕ್ಕೆ ತಾಗಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಸಕ್ಕರೆಯ ಪ್ರಮಾಣ ತಿಳಿದುಬರುತ್ತದೆ. ಔಷಧ ವ್ಯಾಪಾರದಲ್ಲಿರುವ ನಮ್ಮ ಸದಸ್ಯರು ಬಲ್ಲಂತೆ, ಈ ವಹಿವಾಟಿನಲ್ಲಿ ಯಂತ್ರಕ್ಕಿಂತ ಪಟ್ಟಿಯೇ ಮುಖ್ಯ. ಯಂತ್ರವನ್ನು ಒಮ್ಮೆ ಕೊಂಡ ಗ್ರಾಹಕರು ಪಟ್ಟಿಗಾಗಿ ಮತ್ತೆ ಮತ್ತೆ ಅಂಗಡಿಗೆ ಬರುತ್ತಾರೆ.

ಸಕ್ಕರೆಯನ್ನು ಅಳೆದಷ್ಟೇ ಸುಲಭವಾಗಿ ಮತ್ತು ಅಗ್ಗವಾಗಿ ಇತರ ರೋಗಸೂಚಕಗಳನ್ನೂ ಅಳೆಯಲು ಸಾಧ್ಯವಾಗಿಲ್ಲವೇಕೆ? ಇದಕ್ಕೆ ಮುಖ್ಯ ಕಾರಣ ಪ್ರಮಾಣದ ವ್ಯತ್ಯಾಸ. ಆರೋಗ್ಯವಂತರ ಒಂದು ಲೀಟರ್ ರಕ್ತದಲ್ಲಿ ಸುಮಾರು ಒಂದು ಗ್ರಾಂ ಸಕ್ಕರೆ ಇರುತ್ತದೆ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತವನ್ನು ಸೇರುವ ಟ್ರೋಪೋನಿನ್ ಎಂಬ ಪ್ರೋಟೀನನ್ನು ವೈದ್ಯರು ಲೀಟರಿಗೆ ಕೆಲವೇ ಹತ್ತು ನ್ಯಾನೋಗ್ರಾಂಗಳ ಮಟ್ಟದಲ್ಲಿ ಗುರುತಿಸಬೇಕಾಗುತ್ತದೆ. ಅಂದರೆ ತೂಕದ ಲೆಕ್ಕದಲ್ಲಿ ಇದು ಸಕ್ಕರೆಗಿಂತ ಕೆಲವು ಕೋಟಿ ಪಾಲು ಕಡಿಮೆ. ಇಷ್ಟು ಸೂಕ್ಷ್ಮವಾದುದನ್ನು ಹಿಡಿಯಲು ಇಂದಿಗೂ ಬಹುಮಟ್ಟಿಗೆ ದೊಡ್ಡ ಯಂತ್ರ, ನುರಿತ ಸಿಬ್ಬಂದಿ ಮತ್ತು ಸಮಯ ಬೇಕು.

ಈ ಅಂತರವನ್ನು ತುಂಬಬಲ್ಲದೆಂದು ಕಳೆದ ಎರಡು ದಶಕಗಳಿಂದ ನಿರೀಕ್ಷೆ ಮೂಡಿಸಿರುವ ತಂತ್ರಜ್ಞಾನವೆಂದರೆ ಗ್ರಾಫೀನ್ ಟ್ರಾನ್ಸಿಸ್ಟರ್ ಆಧಾರಿತ ಜೈವಿಕ ಸಂವೇದಕ. ಅದರ ಸೂಕ್ಷ್ಮತೆ ಪ್ರಯೋಗಾಲಯಗಳಲ್ಲಿ ಸಾಬೀತಾಗಿದೆ. ಆದರೆ ಸಾವಿರಾರು ಸಂವೇದಕಗಳು ಒಂದೇ ರೀತಿ ನಡೆಯುವಂತೆ ತಯಾರಿಸುವುದು ಇನ್ನೂ ಪೂರ್ಣವಾಗಿ ಕೈಗೂಡಿಲ್ಲ. ಇದು ವಿಜ್ಞಾನಿಗಳಿಗಿಂತ ತಯಾರಕರಿಗೆ ಹೆಚ್ಚು ಪರಿಚಿತವಾದ ಸಮಸ್ಯೆ. ಆದ್ದರಿಂದಲೇ ಈ ವಿಷಯವನ್ನು ನಮ್ಮ ಸದಸ್ಯರ ಮುಂದಿಡುವುದು ಉಚಿತವೆಂದು ಭಾವಿಸಲಾಗಿದೆ.

ಗ್ರಾಫೀನ್: ಒಂದು ಪರಿಚಯ

ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಗ್ರಾಫೈಟ್ ನಮಗೆಲ್ಲರಿಗೂ ಪರಿಚಿತ. ಇಂಗಾಲದ ಪರಮಾಣುಗಳು ಜೇನುಗೂಡಿನಂತೆ ಷಟ್ಕೋನಾಕಾರವಾಗಿ ಹೆಣೆದುಕೊಂಡ ಹಾಳೆಗಳು ಒಂದರ ಮೇಲೊಂದು ಪೇರಿಕೊಂಡಾಗ ಗ್ರಾಫೈಟ್ ಆಗುತ್ತದೆ. ಅದರ ಒಂದೇ ಒಂದು ಹಾಳೆಗೆ ಗ್ರಾಫೀನ್ ಎಂದು ಹೆಸರು. ಇದರ ದಪ್ಪ ಒಂದು ಪರಮಾಣುವಿನಷ್ಟು, ಎಂದರೆ ಸುಮಾರು 0.34 ನ್ಯಾನೋಮೀಟರ್. ಒಂದು ಮಿಲಿಮೀಟರ್ ದಪ್ಪದ ಗ್ರಾಫೈಟ್‌ನಲ್ಲಿ ಇಂತಹ ಸುಮಾರು 30 ಲಕ್ಷ ಹಾಳೆಗಳಿರುತ್ತವೆ.

2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅವರು ಸಾಮಾನ್ಯ ಅಂಟುಪಟ್ಟಿಯಿಂದ ಗ್ರಾಫೈಟ್‌ನ ಪದರಗಳನ್ನು ಮತ್ತೆ ಮತ್ತೆ ಸುಲಿದು, ಒಂದೇ ಪರಮಾಣು ದಪ್ಪದ ಹಾಳೆಯನ್ನು ಬೇರ್ಪಡಿಸಿ, ಅದರ ವಿದ್ಯುತ್ ಗುಣಗಳನ್ನು ಅಳೆದು ತೋರಿಸಿದರು. ಈ ಸಾಧನೆಗಾಗಿ 2010ರಲ್ಲಿ ಅವರಿಬ್ಬರಿಗೆ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು.

ಅಂಟುಪಟ್ಟಿಯ ವಿಧಾನದಿಂದ ಸಂಶೋಧನೆ ನಡೆಯಬಹುದೇ ಹೊರತು ಕೈಗಾರಿಕೆ ನಡೆಯದು. 2009ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ತಂಡವೊಂದು ತಾಮ್ರದ ತೆಳುಹಾಳೆಯನ್ನು ಸುಮಾರು 1000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಅದರ ಮೇಲೆ ಮೀಥೇನ್ ಅನಿಲವನ್ನು ಹಾಯಿಸಿ, ದೊಡ್ಡ ವಿಸ್ತಾರದ ಏಕಪದರ ಗ್ರಾಫೀನನ್ನು ಬೆಳೆಸುವ ವಿಧಾನವನ್ನು ಪ್ರಕಟಿಸಿತು. ಸಂವೇದಕಗಳಿಗೆ ಬೇಕಾದ ಗ್ರಾಫೀನ್ ಇಂದು ಹೆಚ್ಚಾಗಿ ತಯಾರಾಗುವುದು ಇದೇ ಬಗೆಯಲ್ಲಿ.

ಟ್ರಾನ್ಸಿಸ್ಟರ್ ಸಂವೇದಕವಾಗುವ ಬಗೆ

ಟ್ರಾನ್ಸಿಸ್ಟರನ್ನು ಒಂದು ನಲ್ಲಿಗೆ ಹೋಲಿಸಬಹುದು. ವಿದ್ಯುತ್ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿಯುತ್ತದೆ. ಗೇಟ್ ಎಂಬ ಮೂರನೆಯ ಭಾಗ ನಲ್ಲಿಯ ತಿರುಪಿನಂತೆ ಆ ಹರಿವನ್ನು ಹೆಚ್ಚಿಸುತ್ತದೆ ಅಥವಾ ತಗ್ಗಿಸುತ್ತದೆ. ಸಾಮಾನ್ಯ ಟ್ರಾನ್ಸಿಸ್ಟರಿನಲ್ಲಿ ಆ ತಿರುಪನ್ನು ತಿರುಗಿಸುವುದು ನಾವು ಕೊಡುವ ವೋಲ್ಟೇಜ್. ಜೈವಿಕ ಸಂವೇದಕದಲ್ಲಾದರೋ ನಾವು ಹುಡುಕುತ್ತಿರುವ ಅಣುವೇ ತನ್ನ ವಿದ್ಯುದಾವೇಶದಿಂದ ಆ ತಿರುಪನ್ನು ಕಿಂಚಿತ್ತು ಅಲುಗಿಸುತ್ತದೆ.

ಗ್ರಾಫೀನ್ ಪಟ್ಟಿಯ ಎರಡು ತುದಿಗಳಿಗೆ ಲೋಹದ ಸಂಪರ್ಕ ನೀಡಿ, ಅದರ ಮೇಲೆ ಪರೀಕ್ಷಿಸಬೇಕಾದ ದ್ರವದ ಹನಿಯನ್ನು ಇರಿಸಲಾಗುತ್ತದೆ. ಆ ದ್ರವದಲ್ಲಿ ಮುಳುಗಿದ ಚಿಕ್ಕ ವಿದ್ಯುದ್ವಾರದ ಮೂಲಕ ಗೇಟಿನ ವೋಲ್ಟೇಜನ್ನು ಕೊಡಲಾಗುತ್ತದೆ. ಸಿಲಿಕಾನ್ ಟ್ರಾನ್ಸಿಸ್ಟರಿನಲ್ಲಿ ವಿದ್ಯುತ್ ಹರಿಯುವುದು ಆಕ್ಸೈಡ್ ಪದರದ ಅಡಿಯಲ್ಲಿ. ಗ್ರಾಫೀನಿನಲ್ಲಿ ಒಳಭಾಗವೆಂಬುದೇ ಇಲ್ಲ. ಅದರ ಪ್ರತಿಯೊಂದು ಪರಮಾಣುವೂ ಮೇಲ್ಮೈಯಲ್ಲಿಯೇ ಇರುತ್ತದೆ. ಆದುದರಿಂದ ಮೇಲೆ ಬಂದು ಕೂರುವ ಅತ್ಯಲ್ಪ ಆವೇಶವೂ ವಿದ್ಯುತ್ತಿನ ಹರಿವಿನಲ್ಲಿ ಪ್ರತಿಫಲಿಸುತ್ತದೆ. 2007ರಲ್ಲಿ ಮ್ಯಾಂಚೆಸ್ಟರ್ ತಂಡವು ಗ್ರಾಫೀನಿನ ಮೇಲೆ ಒಂದೊಂದೇ ಅನಿಲದ ಅಣು ಬಂದು ಕೂರುವುದನ್ನು ಗುರುತಿಸಿದ್ದಾಗಿ ವರದಿ ಮಾಡಿತು. 2009ರಲ್ಲಿ ಜಪಾನಿನ ಒಸಾಕಾ ವಿಶ್ವವಿದ್ಯಾಲಯದ ತಂಡ ದ್ರವದಲ್ಲಿ ಮುಳುಗಿದ ಗ್ರಾಫೀನ್ ಟ್ರಾನ್ಸಿಸ್ಟರಿನಿಂದ ಆಮ್ಲೀಯತೆಯನ್ನೂ ಪ್ರೋಟೀನನ್ನೂ ಪತ್ತೆಹಚ್ಚಿತು.

ಆದರೆ ಗ್ರಾಫೀನಿಗೆ ತನ್ನ ಮೇಲೆ ಕೂತದ್ದು ಯಾವ ಅಣು ಎಂಬುದು ತಿಳಿಯದು. ಬೇಕಾದುದನ್ನು ಮಾತ್ರ ಹಿಡಿಯಲು ಅದರ ಮೇಲೆ ಒಂದು ಗ್ರಾಹಕ ಅಣುವನ್ನು ನೆಲೆಗೊಳಿಸಬೇಕು. ಪೈರೀನ್ ಎಂಬ ಚಪ್ಪಟೆ ಅಣುವುಳ್ಳ ರಾಸಾಯನಿಕವು ಗ್ರಾಫೀನಿನ ಹೆಣಿಗೆಯನ್ನು ಕೆಡಿಸದೆ ಅದರ ಮೇಲೆ ಅಂಟಿಕೊಳ್ಳುತ್ತದೆ. ಅದರ ಇನ್ನೊಂದು ತುದಿಗೆ ಪ್ರತಿಕಾಯವನ್ನೋ ಡಿ.ಎನ್.ಎ. ತುಣುಕನ್ನೋ ಕಟ್ಟಲಾಗುತ್ತದೆ. ಉಳಿದ ಖಾಲಿ ಜಾಗಕ್ಕೆ ಬೇರೆ ಅಣುಗಳು ಅಂಟದಂತೆ ಮತ್ತೊಂದು ಲೇಪನ ಕೊಡಲಾಗುತ್ತದೆ. ಹೀಗೆ ಸಂವೇದಕದ ಸೂಕ್ಷ್ಮತೆ ಗ್ರಾಫೀನಿನದಾದರೆ, ಅದರ ವಿವೇಚನೆ ಈ ಲೇಪನದ್ದು.

ಗ್ರಾಫೀನ್ ಟ್ರಾನ್ಸಿಸ್ಟರಿನಲ್ಲಿ ವಿದ್ಯುತ್ತಿನ ಹರಿವನ್ನು ಪೂರ್ಣವಾಗಿ ನಿಲ್ಲಿಸಲು ಬರುವುದಿಲ್ಲ. ಈ ದೋಷದಿಂದಾಗಿ ಕಂಪ್ಯೂಟರ್ ಚಿಪ್‌ಗಳಲ್ಲಿ ಅದು ಸಿಲಿಕಾನಿನ ಸ್ಥಾನವನ್ನು ಪಡೆಯಲಾಗಲಿಲ್ಲ. ಸಂವೇದಕಕ್ಕೆ ಇದು ಅಡ್ಡಿಯಲ್ಲ. ಇಲ್ಲಿ ಬೇಕಾದುದು ಹರಿವು ನಿಲ್ಲುವುದಲ್ಲ, ಅದು ಎಷ್ಟು ಬದಲಾಯಿತೆಂಬ ಅಳತೆ.

ಹಿಂದಿನ ಅನುಭವಗಳು

ಹೊಸ ತಂತ್ರಜ್ಞಾನಕ್ಕೆ ಬಂಡವಾಳ ಹೂಡುವವರು ಹಳೆಯದರ ಇತಿಹಾಸವನ್ನು ಅರಿತಿರುವುದು ಲೇಸು. ಸಕ್ಕರೆಯನ್ನು ಕಿಣ್ವದ ನೆರವಿನಿಂದ ವಿದ್ಯುತ್ ಸಂಕೇತವಾಗಿ ಪರಿವರ್ತಿಸಬಹುದೆಂಬ ವಿಚಾರವನ್ನು ಅಮೆರಿಕದ ಲೇಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಿಯಾನ್ಸ್ 1962ರಲ್ಲಿ ಮಂಡಿಸಿದರು. ಆ ತತ್ತ್ವದ ಮೊದಲ ವಾಣಿಜ್ಯ ಯಂತ್ರ ಬಂದದ್ದು 1975ರಲ್ಲಿ. ಅದು ಪ್ರಯೋಗಾಲಯದ ಮೇಜಿಗೆ ತಕ್ಕ ಯಂತ್ರವಾಗಿತ್ತು. ಮನೆಯಲ್ಲಿ ಬಳಸಬಹುದಾದ, ಪೆನ್ನಿನಾಕಾರದ ಎಕ್ಸಾಕ್‌ಟೆಕ್ ಮೀಟರ್ ಮಾರುಕಟ್ಟೆಗೆ ಬರಲು 1987ರವರೆಗೆ ಕಾಯಬೇಕಾಯಿತು. ವಿಚಾರದಿಂದ ಗ್ರಾಹಕನವರೆಗಿನ ಹಾದಿ 25 ವರ್ಷಗಳಷ್ಟು ದೀರ್ಘವಾಗಿತ್ತು.

ಟ್ರಾನ್ಸಿಸ್ಟರನ್ನು ದ್ರವದಲ್ಲಿ ಮುಳುಗಿಸಿ ಅಯಾನುಗಳನ್ನು ಅಳೆಯುವ ವಿಚಾರವೂ ಹೊಸದಲ್ಲ. ನೆದರ್ಲೆಂಡ್ಸ್‌ನ ಪೀಟ್ ಬರ್ಗ್‌ವೆಲ್ಡ್ 1970ರಲ್ಲಿಯೇ ಇಂತಹ ಸಿಲಿಕಾನ್ ಸಾಧನವನ್ನು ವರ್ಣಿಸಿದ್ದರು. ಕಾಲಾಂತರದಲ್ಲಿ ಅದೇ ತತ್ತ್ವದ ಆಮ್ಲೀಯತೆಯ ಮಾಪಕಗಳು ಬಂದವು. ಒಂದೇ ಚಿಪ್ಪಿನ ಮೇಲೆ ಲಕ್ಷಗಟ್ಟಲೆ ಇಂತಹ ಸಂವೇದಕಗಳನ್ನು ಕೂಡಿಸಿ ಡಿ.ಎನ್.ಎ. ಅನುಕ್ರಮವನ್ನು ಓದುವ ಅಯಾನ್ ಟೊರೆಂಟ್ ಯಂತ್ರದ ವಿವರ ಪ್ರಕಟವಾದದ್ದು 2011ರಲ್ಲಿ. ಆ ಹೊತ್ತಿಗೆ ನಾಲ್ಕು ದಶಕಗಳು ಸಂದಿದ್ದವು. ಈ ಮಾನದಂಡದಿಂದ ನೋಡಿದರೆ ಗ್ರಾಫೀನ್ ಸಂವೇದಕ ತಡವಾಗಿದೆಯೆಂದು ಹೇಳಲಾಗದು. ಅದೇ ರೀತಿ, ಅದು ನಾಳೆಯೇ ಅಂಗಡಿಗೆ ಬರುತ್ತದೆಂದು ನಂಬಲೂ ಆಧಾರವಿಲ್ಲ.

ಇದುವರೆಗಿನ ಸಾಧನೆ

2019ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕೆಕ್ ಗ್ರಾಜುಯೇಟ್ ಇನ್‌ಸ್ಟಿಟ್ಯೂಟ್‌ನ ಕಿಯಾನಾ ಅರಾನ್ ಮತ್ತು ಸಹೋದ್ಯೋಗಿಗಳು ಕ್ರಿಸ್ಪರ್-ಚಿಪ್ ಎಂಬ ಸಾಧನವನ್ನು ಪ್ರಕಟಿಸಿದರು. ವಂಶವಾಹಿಯ ನಿರ್ದಿಷ್ಟ ಭಾಗವನ್ನು ಹುಡುಕಿ ಹಿಡಿಯುವ, ಆದರೆ ಕತ್ತರಿಸದಂತೆ ಮಾರ್ಪಡಿಸಲಾದ ಕ್ರಿಸ್ಪರ್ ಪ್ರೋಟೀನನ್ನು ಅವರು ಗ್ರಾಫೀನ್ ಟ್ರಾನ್ಸಿಸ್ಟರಿನ ಮೇಲೆ ನೆಲೆಗೊಳಿಸಿದ್ದರು. ಡುಷೆನ್ ಸ್ನಾಯುಕ್ಷಯ ರೋಗಿಗಳ ಮಾದರಿಗಳಲ್ಲಿ ವಂಶವಾಹಿಯ ಲೋಪವನ್ನು ಇದು ಸುಮಾರು 15 ನಿಮಿಷಗಳಲ್ಲಿ ಗುರುತಿಸಿತು. ಪ್ರಚಲಿತ ಪಿ.ಸಿ.ಆರ್. ವಿಧಾನದಲ್ಲಿ ಡಿ.ಎನ್.ಎ. ತುಣುಕನ್ನು ಪ್ರತಿ ಸುತ್ತಿನಲ್ಲಿ ಇಮ್ಮಡಿಗೊಳಿಸುತ್ತ, 30 ಸುತ್ತುಗಳಲ್ಲಿ ನೂರು ಕೋಟಿಗೂ ಹೆಚ್ಚು ಪ್ರತಿಗಳನ್ನಾಗಿ ಮಾಡಬೇಕಾಗುತ್ತದೆ. ಕ್ರಿಸ್ಪರ್-ಚಿಪ್ಪಿನಲ್ಲಿ ಈ ವರ್ಧನೆಯ ಅಗತ್ಯವೇ ಬೀಳಲಿಲ್ಲ.

2020ರಲ್ಲಿ ಕೋವಿಡ್ ಹಾವಳಿಯ ಆರಂಭದ ತಿಂಗಳುಗಳಲ್ಲಿಯೇ ದಕ್ಷಿಣ ಕೊರಿಯಾದ ಕೊರಿಯಾ ಬೇಸಿಕ್ ಸೈನ್ಸ್ ಇನ್‌ಸ್ಟಿಟ್ಯೂಟ್‌ನ ತಂಡವು ಕೊರೊನಾ ವೈರಾಣುವಿನ ಮುಳ್ಳು ಪ್ರೋಟೀನನ್ನು ಹಿಡಿಯುವ ಪ್ರತಿಕಾಯವನ್ನು ಗ್ರಾಫೀನ್ ಟ್ರಾನ್ಸಿಸ್ಟರಿಗೆ ಕಟ್ಟಿ, ರೋಗಿಗಳ ಮೂಗು-ಗಂಟಲಿನ ಮಾದರಿಗಳಲ್ಲಿ ವೈರಾಣುವನ್ನು ಗುರುತಿಸಿ ತೋರಿಸಿತು. ಈ ವರದಿಯ ಒಂದು ಅಂಶ ಉದ್ಯಮಿಗಳಿಗೆ ಬಹುಮುಖ್ಯ. ಶುದ್ಧ ಲವಣ ದ್ರಾವಣದಲ್ಲಿ ಈ ಸಂವೇದಕ ಮಿಲಿಲೀಟರಿಗೆ 1 ಫೆಮ್ಟೋಗ್ರಾಂ ಪ್ರೋಟೀನನ್ನು ಗುರುತಿಸಿತು. ಆಸ್ಪತ್ರೆಗಳಲ್ಲಿ ಮಾದರಿಯನ್ನು ಸಾಗಿಸಲು ಬಳಸುವ ದ್ರವದಲ್ಲಿ ಅದೇ ಮಿತಿ 100 ಫೆಮ್ಟೋಗ್ರಾಂ ಆಯಿತು. ಸಂವೇದಕವೂ ಅದೇ, ಪ್ರೋಟೀನೂ ಅದೇ. ದ್ರವ ಬದಲಾದೊಡನೆ ಸೂಕ್ಷ್ಮತೆ ನೂರು ಪಾಲು ಕುಗ್ಗಿತು. 100 ಫೆಮ್ಟೋಗ್ರಾಂ ಕೂಡ ಅತ್ಯುತ್ತಮ ಸಾಧನೆಯೇ. ಆದರೂ ಯಾವುದೇ ತಂತ್ರಜ್ಞಾನದ ಕರಪತ್ರದಲ್ಲಿ ಸೂಕ್ಷ್ಮತೆಯ ಸಂಖ್ಯೆಯನ್ನು ಕಂಡಾಗ, ಅದನ್ನು ಯಾವ ದ್ರವದಲ್ಲಿ ಅಳೆಯಲಾಯಿತೆಂದು ಕೇಳುವುದು ಅಗತ್ಯ.

ಅಡ್ಡಿ ಆತಂಕಗಳು

ಮೊದಲನೆಯದು ಉಪ್ಪಿನ ಸಮಸ್ಯೆ. ರಕ್ತದಲ್ಲಿ ಲವಣದ ಅಯಾನುಗಳು ಹೇರಳವಾಗಿವೆ. ಯಾವುದೇ ಆವೇಶಯುಕ್ತ ಅಣುವಿನ ಸುತ್ತ ಅವು ಮುತ್ತಿಕೊಂಡು ಅದರ ಪ್ರಭಾವವನ್ನು ಮರೆಮಾಡುತ್ತವೆ. ಇದರಿಂದಾಗಿ ರಕ್ತದಲ್ಲಿ ಟ್ರಾನ್ಸಿಸ್ಟರಿಗೆ ಸ್ಪಷ್ಟವಾಗಿ ಕಾಣುವ ದೂರ ಒಂದು ನ್ಯಾನೋಮೀಟರಿಗಿಂತಲೂ ಕಡಿಮೆ. ಪ್ರತಿಕಾಯದ ಎತ್ತರ ಸುಮಾರು 10 ನ್ಯಾನೋಮೀಟರ್ ಇರುವುದರಿಂದ, ಅದು ಹಿಡಿದ ಪ್ರೋಟೀನು ಈ ದೃಷ್ಟಿಯ ಹೊರಗೆ ಉಳಿಯುತ್ತದೆ. ಲವಣವನ್ನು ನೂರು ಪಾಲು ತೆಳುವಾಗಿಸಿದರೆ ಈ ದೂರ 7ರಿಂದ 8 ನ್ಯಾನೋಮೀಟರಿಗೆ ಹೆಚ್ಚುತ್ತದೆ. ಆದರೆ ಹಾಗೆ ತೆಳುವಾಗಿಸುವುದು ಬಳಕೆದಾರನಿಗೆ ಮತ್ತೊಂದು ಕೆಲಸವಾಗುತ್ತದೆ, ತಪ್ಪಿಗೆ ಮತ್ತೊಂದು ಅವಕಾಶವಾಗುತ್ತದೆ. ಗಿಡ್ಡ ಗ್ರಾಹಕ ಅಣುಗಳನ್ನು ಬಳಸುವುದು, ಪಾಲಿಮರ್ ಲೇಪನ ಕೊಡುವುದು ಮುಂತಾದ ಪರಿಹಾರಗಳನ್ನು ಪ್ರಯತ್ನಿಸಲಾಗಿದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಗ್ರಾಫೀನನ್ನು ಬೇಕೆಂದೇ ಸುಕ್ಕುಗಟ್ಟಿಸಿ ಈ ತೊಡಕನ್ನು ತಗ್ಗಿಸುವ ಮಾರ್ಗವನ್ನು ತೋರಿಸಿತು.

ಎರಡನೆಯದು ಬೇಡದ ಅಣುಗಳ ಹಾವಳಿ. ರಕ್ತದಲ್ಲಿ ನಾವು ಹುಡುಕುವ ಪ್ರೋಟೀನಿಗಿಂತ ಕೋಟಿಗಟ್ಟಲೆ ಪಾಲು ಹೆಚ್ಚಾಗಿರುವ ಇತರ ಪ್ರೋಟೀನುಗಳಿವೆ. ಅವು ಗ್ರಾಫೀನಿಗೆ ಅಂಟಿಕೊಂಡರೂ ಸಂಕೇತ ಬದಲಾಗುತ್ತದೆ. ಇದನ್ನು ಅರಿಯಲು ಪಕ್ಕದಲ್ಲಿಯೇ ಗ್ರಾಹಕ ಅಣುವಿಲ್ಲದ ಒಂದು ಟ್ರಾನ್ಸಿಸ್ಟರನ್ನು ಇರಿಸಿ, ಎರಡರ ವ್ಯತ್ಯಾಸವನ್ನು ಲೆಕ್ಕಹಾಕುತ್ತಾರೆ. ದ್ರವದಲ್ಲಿರುವಾಗ ಸಂಕೇತವು ಕಾರಣವಿಲ್ಲದೆ ನಿಧಾನವಾಗಿ ಸರಿಯುವುದೂ ಉಂಟು. ಆ ಸರಿತವನ್ನು ರೋಗವೆಂದು ಓದಿದರೆ ಆಗುವ ಹಾನಿಯನ್ನು ಅನುಭವಿಸುವವನು ರೋಗಿ.

ಮೂರನೆಯದು ಮತ್ತು ನಮ್ಮ ದೃಷ್ಟಿಯಲ್ಲಿ ಅತಿ ಮುಖ್ಯವಾದುದು ಏಕರೂಪತೆಯ ಸಮಸ್ಯೆ. ತಾಮ್ರದ ಮೇಲೆ ಬೆಳೆದ ಗ್ರಾಫೀನನ್ನು ಅಲ್ಲಿಂದ ಎತ್ತಿ ಸಿಲಿಕಾನ್ ಬಿಲ್ಲೆಯ ಮೇಲೆ ಹಾಸಬೇಕು. ಅದಕ್ಕಾಗಿ ಮೇಲೊಂದು ಪ್ಲಾಸ್ಟಿಕ್ ಪದರ ಬಳಿದು, ಅಡಿಯ ತಾಮ್ರವನ್ನು ರಾಸಾಯನಿಕದಿಂದ ಕರಗಿಸಿ, ಹಾಳೆಯನ್ನು ಬಿಲ್ಲೆಯ ಮೇಲಿರಿಸಿ, ಬಳಿಕ ಪ್ಲಾಸ್ಟಿಕ್ಕನ್ನು ತೊಳೆಯಲಾಗುತ್ತದೆ. ಈ ನಡುವೆ ಹಾಳೆ ಹರಿಯಬಹುದು, ಸುಕ್ಕಾಗಬಹುದು, ತಾಮ್ರದ ಅಥವಾ ಪ್ಲಾಸ್ಟಿಕ್ಕಿನ ಶೇಷ ಉಳಿಯಬಹುದು. ಒಂದು ಪರಮಾಣು ದಪ್ಪದ ಹಾಳೆಗೆ ಇಂತಹ ಶೇಷವೇ ದೊಡ್ಡ ಹೊರೆ.

ಇದನ್ನು ಕಾರ್ಖಾನೆಯ ಲೆಕ್ಕದಲ್ಲಿ ನೋಡೋಣ. ಬೆಳೆಸುವುದು, ವರ್ಗಾಯಿಸುವುದು, ಪಟ್ಟಿಗಳಾಗಿ ಕೊರೆಯುವುದು, ಲೋಹದ ಸಂಪರ್ಕ ಕೊಡುವುದು, ರಕ್ಷಣಾ ಲೇಪನ ಕೊಡುವುದು, ಕತ್ತರಿಸಿ ತಂತಿ ಜೋಡಿಸುವುದು, ಪೈರೀನ್ ಲೇಪಿಸುವುದು, ಪ್ರತಿಕಾಯ ಕಟ್ಟುವುದು, ಖಾಲಿ ಜಾಗ ಮುಚ್ಚುವುದು, ಒಣಗಿಸಿ ಪ್ಯಾಕ್ ಮಾಡುವುದು, ಹೀಗೆ ಸ್ಥೂಲವಾಗಿ ಹತ್ತು ಹಂತಗಳೆಂದು ಇಟ್ಟುಕೊಳ್ಳೋಣ. ಪ್ರತಿ ಹಂತದಲ್ಲಿಯೂ ನೂರಕ್ಕೆ 95 ಸರಿಯಾಗಿ ಬಂದರೂ ಕೊನೆಗೆ ಕೈಸೇರುವುದು ನೂರಕ್ಕೆ ಸುಮಾರು 60 ಮಾತ್ರ. ಪ್ರತಿ ಹಂತದಲ್ಲಿ 99 ಸರಿಯಾದರೆ ಅದು ಸುಮಾರು 90ಕ್ಕೆ ಏರುತ್ತದೆ. ಒಂದೊಂದು ಹಂತದಲ್ಲಿ ನೂರಕ್ಕೆ ನಾಲ್ಕರ ಸುಧಾರಣೆಯಿಂದ ಉದ್ಯಮದ ಲಾಭ-ನಷ್ಟವೇ ಬದಲಾಗುತ್ತದೆ. ಪ್ರಯೋಗಾಲಯದಲ್ಲಿ ಸಂಶೋಧಕರು ಚೆನ್ನಾಗಿ ನಡೆದ ಸಂವೇದಕವನ್ನು ಆರಿಸಿಕೊಂಡು ಫಲಿತಾಂಶ ಪ್ರಕಟಿಸಬಹುದು. ತಯಾರಕರಿಗೆ ಆ ಸೌಲಭ್ಯವಿಲ್ಲ. ಗ್ರಾಹಕನ ಕೈಗೆ ಯಾವ ಚಿಪ್ ಹೋದರೂ ಅದು ಸರಿಯಾದ ಉತ್ತರವನ್ನೇ ಕೊಡಬೇಕು.

ಮಾರುಕಟ್ಟೆಯ ಸ್ಥಿತಿಗತಿ

ಈ ಕ್ಷೇತ್ರದಲ್ಲಿ ಮೊದಲು ಕಾಲಿಟ್ಟ ಸಂಸ್ಥೆಗಳ ನಡೆ ಗಮನಾರ್ಹವಾಗಿದೆ. 2010ರಲ್ಲಿ ಸ್ಥಾಪನೆಯಾದ ಸ್ಪೇನಿನ ಗ್ರಾಫೀನಿಯಾ ಸಂಸ್ಥೆಯು ಸಿದ್ಧ ಗ್ರಾಫೀನ್ ಟ್ರಾನ್ಸಿಸ್ಟರ್ ಚಿಪ್‌ಗಳನ್ನು ಸಂಶೋಧಕರಿಗೆ ಮಾರುತ್ತದೆ. ಅದರ ಒಂದು ಮಾದರಿಯಲ್ಲಿ 10 ಮಿಲಿಮೀಟರ್ ಚೌಕದ ಮೇಲೆ 36 ಸಾಧನಗಳಿವೆ. ಅಮೆರಿಕದ ಸ್ಯಾನ್ ಡಿಯಾಗೋದ ನ್ಯಾನೋಮೆಡಿಕಲ್ ಡಯಾಗ್ನಾಸ್ಟಿಕ್ಸ್ ಸಂಸ್ಥೆ ಅಜೈಲ್ ಆರ್100 ಎಂಬ ಉಪಕರಣವನ್ನು ಹೊರತಂದಿತು. ಅದರ ಗ್ರಾಹಕರು ರೋಗಿಗಳಲ್ಲ, ಅಣುಗಳ ಪರಸ್ಪರ ಬಂಧನವನ್ನು ಅಧ್ಯಯನ ಮಾಡುವ ಪ್ರಯೋಗಾಲಯಗಳು. ಆ ಉದ್ಯಮ ಮುಂದೆ ಕಾರ್ಡಿಯಾ ಬಯೋ ಸಂಸ್ಥೆಯ ಭಾಗವಾಯಿತು. 2023ರಲ್ಲಿ ಕಾರ್ಡಿಯಾವನ್ನು ಬ್ರಿಟನ್ನಿನ ಪ್ಯಾರಾಗ್ರಾಫ್ ಸಂಸ್ಥೆ ಕೊಂಡುಕೊಂಡಿತು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಿಂದ ಹುಟ್ಟಿದ ಪ್ಯಾರಾಗ್ರಾಫ್, ತಾಮ್ರದ ಹಾಳೆಯ ವರ್ಗಾವಣೆಯನ್ನೇ ಕೈಬಿಟ್ಟು, ಗ್ರಾಫೀನನ್ನು ನೇರವಾಗಿ ಬಿಲ್ಲೆಯ ಮೇಲೆ ಬೆಳೆಸುವ ವಿಧಾನವನ್ನು ಅನುಸರಿಸುತ್ತದೆ. ಅದು ಮೊದಲು ಮಾರುಕಟ್ಟೆಗೆ ತಂದದ್ದು ಕಾಂತಕ್ಷೇತ್ರವನ್ನು ಅಳೆಯುವ ಸಂವೇದಕ.

ಇವುಗಳಿಂದ ತಿಳಿಯುವುದಿಷ್ಟು: ಈ ಸಂಸ್ಥೆಗಳು ರೋಗನಿದಾನದ ಮಾರುಕಟ್ಟೆಗೆ ನೇರವಾಗಿ ಧುಮುಕಲಿಲ್ಲ. ತಪ್ಪಿಗೆ ದಂಡ ಕಡಿಮೆ ಇರುವ ಸಂಶೋಧನಾ ಮಾರುಕಟ್ಟೆಯಲ್ಲೋ ಬೇರೆ ಬಗೆಯ ಸಂವೇದಕದಲ್ಲೋ ಕೈಪಳಗಿಸಿಕೊಂಡವು.

ಗ್ರಾಫೀನ್ ಹೆಸರಿನ ಸರಕು

ವರ್ತಕರು ಎಚ್ಚರ ವಹಿಸಬೇಕಾದ ಇನ್ನೊಂದು ಸಂಗತಿಯಿದೆ. ಮಾರುಕಟ್ಟೆಯಲ್ಲಿ ಕಿಲೋ ಲೆಕ್ಕದಲ್ಲಿ ದೊರೆಯುವ ಗ್ರಾಫೀನ್ ಪುಡಿಗೂ ಟ್ರಾನ್ಸಿಸ್ಟರಿಗೆ ಬೇಕಾದ ಗ್ರಾಫೀನ್ ಹಾಳೆಗೂ ಸಂಬಂಧ ಅತ್ಯಲ್ಪ. ಪುಡಿಯು ಬಣ್ಣ, ರಬ್ಬರು, ಪ್ಲಾಸ್ಟಿಕ್, ಬ್ಯಾಟರಿ ಮುಂತಾದವುಗಳಿಗೆ ಸೇರಿಸುವ ಪದಾರ್ಥ. ಅದರಲ್ಲಿಯೂ ಗುಣಮಟ್ಟದ ಸಮಸ್ಯೆಯಿದೆ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧಕರು ಜಗತ್ತಿನ 60 ತಯಾರಕರ ಗ್ರಾಫೀನ್ ಪುಡಿಗಳನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚಿನವುಗಳಲ್ಲಿ ನಿಜವಾದ ಗ್ರಾಫೀನಿನ ಅಂಶ ಶೇಕಡ 10ಕ್ಕಿಂತ ಕಡಿಮೆ ಇತ್ತು. ಶೇಕಡ 50ನ್ನು ಮೀರಿದ್ದು ಒಂದೂ ಇರಲಿಲ್ಲ. ಉಳಿದದ್ದು ಬಹುಮಟ್ಟಿಗೆ ನುಣ್ಣಗೆ ಅರೆದ ಗ್ರಾಫೈಟ್.

ಇಂತಹ ಗೊಂದಲವನ್ನು ನಿವಾರಿಸಲೆಂದೇ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯು 2017ರಲ್ಲಿ ಗ್ರಾಫೀನಿಗೆ ಸಂಬಂಧಿಸಿದ ಪರಿಭಾಷೆಯನ್ನೂ, 2021ರಲ್ಲಿ ಪುಡಿಯ ಹಾಗೂ ದ್ರಾವಣದ ರೂಪದ ಗ್ರಾಫೀನಿನ ರಚನೆಯನ್ನು ಅಳೆಯುವ ವಿಧಾನವನ್ನೂ ಪ್ರಕಟಿಸಿತು. ಸರಕು ತರಿಸುವ ಮುನ್ನ ಪದರಗಳ ಸಂಖ್ಯೆ, ಹಾಳೆಯ ಗಾತ್ರ ಮತ್ತು ಪರೀಕ್ಷಾ ವಿಧಾನವನ್ನು ನಮೂದಿಸಿದ ಪ್ರಮಾಣಪತ್ರವನ್ನು ಕೇಳಿ ಪಡೆಯುವುದು ವಿವೇಕ. ಹೆಸರಿಗೆ ಹಣ ತೆತ್ತು ಗ್ರಾಫೈಟ್ ಕೊಂಡವರ ಸಾಲಿಗೆ ನಮ್ಮ ಸದಸ್ಯರು ಸೇರಬಾರದು.

ಕಾನೂನಿನ ಚೌಕಟ್ಟು

ರೋಗನಿದಾನಕ್ಕಾಗಿ ತಯಾರಿಸುವ ಸಂವೇದಕ ಭಾರತದಲ್ಲಿ ವೈದ್ಯಕೀಯ ಸಾಧನ ನಿಯಮಗಳು, 2017ರ ವ್ಯಾಪ್ತಿಗೆ ಬರುತ್ತದೆ. ಈ ನಿಯಮಗಳು 2018ರ ಜನವರಿ 1ರಿಂದ ಜಾರಿಗೆ ಬಂದವು. ಅಪಾಯದ ಪ್ರಮಾಣಕ್ಕನುಗುಣವಾಗಿ ಸಾಧನಗಳನ್ನು ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಾಗಿ ವಿಂಗಡಿಸಲಾಗಿದೆ. ಎ ಮತ್ತು ಬಿ ವರ್ಗದ ತಯಾರಿಕೆಗೆ ರಾಜ್ಯದ ಪ್ರಾಧಿಕಾರವೂ, ಸಿ ಮತ್ತು ಡಿ ವರ್ಗಕ್ಕೆ ಕೇಂದ್ರದ ಪ್ರಾಧಿಕಾರವೂ ಪರವಾನಗಿ ನೀಡುತ್ತವೆ. ಮನೆಯಲ್ಲಿ ಬಳಸುವ ಗರ್ಭಧಾರಣೆಯ ಪರೀಕ್ಷೆ ಕೆಳಗಿನ ವರ್ಗಕ್ಕೆ ಸೇರಿದರೆ, ದಾನಿಗಳ ರಕ್ತದಲ್ಲಿ ಎಚ್.ಐ.ವಿ. ಪತ್ತೆಹಚ್ಚುವ ಪರೀಕ್ಷೆ ಅತ್ಯುನ್ನತ ವರ್ಗಕ್ಕೆ ಸೇರುತ್ತದೆ. ಆದ್ದರಿಂದ ಯಾವ ರೋಗವನ್ನು ಅಳೆಯಬೇಕೆಂಬ ಆಯ್ಕೆಯೇ ಮುಂದಿನ ವೆಚ್ಚವನ್ನೂ ಕಾಲಾವಧಿಯನ್ನೂ ಬಹುಮಟ್ಟಿಗೆ ನಿರ್ಧರಿಸುತ್ತದೆ. ನೀರಿನ ಗುಣಮಟ್ಟ, ಆಹಾರದ ಸುರಕ್ಷತೆ ಮುಂತಾದ ಬಳಕೆಗಳು ರೋಗನಿದಾನದ ಈ ನಿಯಮಗಳ ಹೊರಗಿವೆ.

ಸಣ್ಣ ಉದ್ಯಮಿಗಳಿಗೆ ಇರುವ ಅವಕಾಶ

ಗ್ರಾಫೀನ್ ಬೆಳೆಸುವ ಕುಲುಮೆ, ಧೂಳುರಹಿತ ಕೊಠಡಿ ಇವು ಸಣ್ಣ ಉದ್ಯಮದ ಕೈಗೆ ಎಟುಕುವಂತಹವಲ್ಲ. ಆದರೆ ಚಿಪ್ ಎಂಬುದು ಪೂರ್ಣ ಸರಕಿನ ಒಂದು ಅಂಶ ಮಾತ್ರ. ಅದರ ಸುತ್ತ ಬೇಕಾದುವು ಹಲವಾರು:

1. ಹನಿಯನ್ನು ಚಿಪ್ಪಿನ ಮೇಲೆ ನಿಖರವಾಗಿ ಹಾಯಿಸುವ ಸೂಕ್ಷ್ಮ ಕಾಲುವೆಗಳುಳ್ಳ ಪ್ಲಾಸ್ಟಿಕ್ ಕಾರ್ಟ್ರಿಜ್. ಇದಕ್ಕೆ ನಿಖರವಾದ ಅಚ್ಚು ಮತ್ತು ಶುದ್ಧ ಪರಿಸರದ ಮೋಲ್ಡಿಂಗ್ ಬೇಕು.

2. ಅತ್ಯಲ್ಪ ವಿದ್ಯುತ್ತಿನ ಬದಲಾವಣೆಯನ್ನು ಗದ್ದಲವಿಲ್ಲದೆ ಓದುವ ಎಲೆಕ್ಟ್ರಾನಿಕ್ ಉಪಕರಣ. ಮುದ್ರಿತ ಸರ್ಕ್ಯೂಟ್ ಹಲಗೆ, ಹೊರಕವಚ, ಬ್ಯಾಟರಿ ಇವೆಲ್ಲ ಇದರಲ್ಲಿ ಸೇರುತ್ತವೆ.

3. ಮಾದರಿಯನ್ನು ತೆಳುವಾಗಿಸುವ ಮತ್ತು ತೊಳೆಯುವ ದ್ರಾವಣಗಳು. ಪ್ರತಿ ತಂಡದಲ್ಲಿಯೂ ಇವುಗಳ ಲವಣಾಂಶ ಒಂದೇ ಆಗಿರಬೇಕು. ಮೇಲೆ ಹೇಳಿದ ಉಪ್ಪಿನ ಸಮಸ್ಯೆಯನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ.

4. ತೇವಾಂಶ ತಾಗದ ಪೊಟ್ಟಣ. ಲೇಪಿಸಿದ ಪ್ರತಿಕಾಯ ತಿಂಗಳುಗಟ್ಟಲೆ ಕೆಡದೆ ಉಳಿಯದಿದ್ದರೆ ಉತ್ತಮ ಚಿಪ್ ಕೂಡ ನಿಷ್ಪ್ರಯೋಜಕ.

ಇವುಗಳನ್ನು ತಯಾರಿಸುವ ಅನುಭವ ಗ್ಲೂಕೋಮೀಟರ್, ಕ್ಷಿಪ್ರ ಪರೀಕ್ಷಾ ಕಿಟ್ ಮುಂತಾದ ಇಂದಿನ ಸರಕುಗಳಿಗೂ ಸಲ್ಲುತ್ತದೆ. ಗ್ರಾಫೀನ್ ಸಂವೇದಕ ತಡವಾಗಿ ಬಂದರೂ ಹೂಡಿದ ಬಂಡವಾಳ ವ್ಯರ್ಥವಾಗದು. ವೈದ್ಯಕೀಯ ಸಾಧನಗಳ ಗುಣಮಟ್ಟ ನಿರ್ವಹಣೆಗೆ ಸಂಬಂಧಿಸಿದ ಐ.ಎಸ್.ಒ. 13485 ಪ್ರಮಾಣಪತ್ರವನ್ನು ಈಗಲೇ ಪಡೆದವರು ಮುಂದೆ ಯಾರಿಗೆ ಬೇಕಾದರೂ ಸರಕು ಪೂರೈಸಲು ಅಣಿಯಾಗಿರುತ್ತಾರೆ.

ತಜ್ಞರ ನೆರವು ದೂರವೇನೂ ಇಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಸಿ.ಎನ್.ಆರ್. ರಾವ್ ಅವರ ತಂಡ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ. ಸೂದ್ ಅವರ ತಂಡ ಗ್ರಾಫೀನ್ ಕುರಿತು ಆರಂಭದ ವರ್ಷಗಳಿಂದಲೇ ಕೆಲಸ ಮಾಡಿವೆ. ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಚಿಪ್ ತಯಾರಿಕೆಯ ಧೂಳುರಹಿತ ಕೊಠಡಿಗಳಿವೆ. ಹೊರಗಿನ ಸಂಶೋಧಕರೂ ಇಂತಹ ಸೌಲಭ್ಯವನ್ನು ಬಳಸಲು ಅನುವಾಗುವ ರಾಷ್ಟ್ರೀಯ ಯೋಜನೆಯೊಂದು 2008ರಲ್ಲಿ ಇಲ್ಲಿ ಹಾಗೂ ಮುಂಬಯಿಯ ಐ.ಐ.ಟಿ.ಯಲ್ಲಿ ಆರಂಭವಾಯಿತು. ಇದೇ ಕೇಂದ್ರದಿಂದ ಹೊರಬಂದ ಪಾಥ್‌ಶೋಧ್ ಸಂಸ್ಥೆಯು ಮಧುಮೇಹ, ಮೂತ್ರಪಿಂಡದ ತೊಂದರೆ, ರಕ್ತಹೀನತೆ ಇವುಗಳಿಗೆ ಸಂಬಂಧಿಸಿದ ಹಲವು ಪರೀಕ್ಷೆಗಳನ್ನು ಒಂದೇ ಕೈಯಂತ್ರದಲ್ಲಿ ತಂದಿದೆ. ಅದು ಬಳಸುವುದು ಗ್ರಾಫೀನ್ ಟ್ರಾನ್ಸಿಸ್ಟರನ್ನಲ್ಲ, ಗ್ಲೂಕೋಮೀಟರಿನ ಹಾಗೆ ವಿದ್ಯುತ್-ರಾಸಾಯನಿಕ ಪಟ್ಟಿಯನ್ನು. ಪ್ರಯೋಗಾಲಯದ ಸಂವೇದಕವೊಂದು ಪರವಾನಗಿಯ ಹಾದಿಯನ್ನು ದಾಟಿ ಸರಕಾಗುವ ಬಗೆಗೆ ಅದು ಸಮೀಪದ ನಿದರ್ಶನ. ನೆರೆಯ ಕೇರಳದ ಕೊಚ್ಚಿಯಲ್ಲಿ ಅಲ್ಲಿಯ ಡಿಜಿಟಲ್ ವಿಶ್ವವಿದ್ಯಾಲಯ, ತ್ರಿಶೂರಿನ ಸಿ-ಮೆಟ್ ಮತ್ತು ಟಾಟಾ ಸ್ಟೀಲ್ ಸಹಯೋಗದ ಗ್ರಾಫೀನ್ ನಾವೀನ್ಯ ಕೇಂದ್ರವಿದೆ. ಆರಂಭಿಕ ಹಂತದ ಜೈವಿಕ ತಂತ್ರಜ್ಞಾನ ವಿಚಾರಗಳಿಗೆ ಕೇಂದ್ರ ಸರ್ಕಾರದ ಬಿರಾಕ್ ಸಂಸ್ಥೆಯು 50 ಲಕ್ಷ ರೂಪಾಯಿಗಳವರೆಗೆ ಅನುದಾನ ನೀಡುತ್ತ ಬಂದಿದೆ.

ಹೂಡಿಕೆಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ಈ ತಂತ್ರಜ್ಞಾನದ ಪ್ರಸ್ತಾವವನ್ನು ಹಿಡಿದು ಯಾರಾದರೂ ಬಂದಲ್ಲಿ ನಮ್ಮ ಸದಸ್ಯರು ಐದು ಪ್ರಶ್ನೆಗಳನ್ನು ಕೇಳುವುದು ಒಳಿತು. ತೋರಿಸುತ್ತಿರುವ ಸೂಕ್ಷ್ಮತೆ ಶುದ್ಧ ದ್ರಾವಣದಲ್ಲಿ ಬಂದದ್ದೇ, ನಿಜವಾದ ರಕ್ತದಲ್ಲಿ ಬಂದದ್ದೇ? ತಯಾರಿಸಿದ ನೂರು ಚಿಪ್‌ಗಳಲ್ಲಿ ಎಷ್ಟು ಸರಿಯಾಗಿ ನಡೆದವು? ಬೇರೆ ಬೇರೆ ತಂಡಗಳ ಚಿಪ್‌ಗಳು ಒಂದೇ ಮಾದರಿಗೆ ಒಂದೇ ಉತ್ತರ ಕೊಟ್ಟವೇ? ಪ್ಯಾಕ್ ಮಾಡಿದ ಆರು ತಿಂಗಳ ನಂತರ ಪರೀಕ್ಷಿಸಿದ್ದಾರೆಯೇ? ಈಗಿರುವ ಪರೀಕ್ಷೆಗಿಂತ ಇದು ರೋಗಿಗೆ ಯಾವ ರೀತಿಯಲ್ಲಿ ಮೇಲು? ಈ ಐದಕ್ಕೂ ಅಂಕಿಅಂಶಸಹಿತ ಉತ್ತರ ಬಂದರೆ ಮಾತುಕತೆ ಮುಂದುವರಿಸಬಹುದು. ಬಾರದಿದ್ದರೆ ಅದು ಇನ್ನೂ ಪ್ರಯೋಗಾಲಯದಲ್ಲಿ ಇರಬೇಕಾದ ವಿಷಯವೆಂದೇ ತಿಳಿಯಬೇಕು.

ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಎದೆನೋವೆಂದು ಬಂದವರಿಗೆ ಅದು ಹೃದಯಾಘಾತವೇ ಅಲ್ಲವೇ ಎಂದು ಅಲ್ಲಿಯೇ, ಅಗ್ಗದಲ್ಲಿ, ನಂಬಬಹುದಾದ ರೀತಿಯಲ್ಲಿ ತಿಳಿಸುವ ಸಾಧನ ಬಂದರೆ ಅದರಿಂದ ಉಳಿಯುವ ಜೀವಗಳು ಅನೇಕ. ಆ ಸಾಧನದಲ್ಲಿ ಗ್ರಾಫೀನಿನ ಪಾತ್ರವಿರಬಹುದು. ಅದು ಸಾಧ್ಯವಾಗಬೇಕಾದರೆ ಮೊದಲನೆಯ ಚಿಪ್ಪಿನಂತೆಯೇ ಹತ್ತು ಸಾವಿರದ ಚಿಪ್ಪೂ ನಡೆಯಬೇಕು. ಆ ಕೆಲಸದಲ್ಲಿ ಅಚ್ಚು, ದ್ರಾವಣ, ಪೊಟ್ಟಣಗಳನ್ನು ತಯಾರಿಸುವ ಸಣ್ಣ ಉದ್ಯಮಿಗಳ ಪಾಲೂ ಇದೆ ಎಂಬುದನ್ನು ನಮ್ಮ ಸದಸ್ಯರು ಗಮನಿಸಬೇಕೆಂಬುದೇ ಈ ಲೇಖನದ ಆಶಯ.